ಪ್ರಿಟಾಕ್ಸ್ ಮತ್ತು ಗದಗ ಪ್ಯಾಸೆಂಜರ್: 43 ಪ್ರಪೋಸಲ್ ಓದಿದವಳ ವಿಮರ್ಶೆ

ನಾನು ಗದಗಿನ ಒಂದು ಕಾಲೇಜಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಡೇಟಾಬೇಸ್ ಪಾಠ ಮಾಡುತ್ತೇನೆ. ಮನೆ ಹುಬ್ಬಳ್ಳಿಯ ಕೇಶ್ವಾಪುರ. ದಿನಾ ರೈಲಿನಲ್ಲಿ ಹೋಗಿ ಬರುವುದು. ಇದನ್ನು ಮೊದಲೇ ಯಾಕೆ ಹೇಳುತ್ತೇನೆ ಅಂದರೆ, ಈ ವಿಮರ್ಶೆಯ ಅರ್ಧದಷ್ಟು ಕುಸುಗಲ್ಲು, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ದಾಟುತ್ತಾ ಮೊಬೈಲಿನಲ್ಲಿ ಬಳಸಿ ನೋಡಿದ್ದು. ದೊಡ್ಡ ಪರದೆ, ಒಳ್ಳೆ ನೆಟ್, ಪಕ್ಕದಲ್ಲಿ ಚಹಾ ಇಟ್ಟುಕೊಂಡು ಕೂತವರಿಗೆ ಬೇರೆ ಅನಿಸಬಹುದು.

ವಸ್ತು ಏನಪ್ಪಾ ಅಂದರೆ ಪ್ರಿಟಾಕ್ಸ್. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಎಲ್, ಕೊನೆಗೆ ಒಂದು ಎಕ್ಸ್ ಬರುತ್ತದೆ. ಸಮ್ಮೇಳನದಲ್ಲಿ ಟಾಕ್ ಕೊಡುತ್ತೇನೆ ಅನ್ನುವವರಿಂದ ಪ್ರಸ್ತಾವನೆ (ಪ್ರಪೋಸಲ್) ಕರೆಯಲು, ಬಂದದ್ದನ್ನು ಓದಿ ಅಂಕ ಹಾಕಲು, ಆಯ್ಕೆಯಾದವರಿಗೆ ಮೇಲ್ ಕಳಿಸಲು, ಕೊನೆಗೆ ವೇಳಾಪಟ್ಟಿ ಮಾಡಲು ಇರುವ ತಂತ್ರಾಂಶ. 2017ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮತ್ತು ಅದರ ಜಾಂಗೊ ಅನ್ನುವ ವೆಬ್ ಚೌಕಟ್ಟಿನಲ್ಲಿ ಬರೆದದ್ದು. ಟಿಕೆಟ್ ಮಾರುವ ಪ್ರಿಟಿಕ್ಸ್ ಅನ್ನುವ ತಂತ್ರಾಂಶ ಇದೆಯಲ್ಲ, ಅದಕ್ಕೆ ಇದು ತಂಗಿ ಇದ್ದ ಹಾಗೆ. ಕೋಡ್ ಮುಕ್ತವಾಗಿದೆ, ಅಂದರೆ ಯಾರು ಬೇಕಾದರೂ ನೋಡಬಹುದು, ಬದಲಿಸಬಹುದು, ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದು ಬೇಡ ಅಂದರೆ ಅವರಿಗೇ ದುಡ್ಡು ಕೊಟ್ಟು ನಡೆಸಬಹುದು. ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ನಡೆಯುವ ಮುಕ್ತ ತಂತ್ರಾಂಶ ಸಮ್ಮೇಳನ ಫಾಸ್‌ಡೆಮ್ ಬಹಳ ವರ್ಷ ಪೆಂಟಾಬಾರ್ಫ್ ಅನ್ನುವ ಹಳೆಯ ತಂತ್ರಾಂಶ ಬಳಸುತ್ತಿತ್ತು. 2024ರ ಸಮ್ಮೇಳನಕ್ಕೆ ಇದಕ್ಕೆ ಬದಲಾಯಿಸಿತು. ಪೈಥಾನ್ ಬಳಸುವವರ ಸಮ್ಮೇಳನ ಯೂರೋಪೈಥಾನ್ ಕೂಡ ಇದನ್ನೇ ಬಳಸುತ್ತದೆ. ಅಂದರೆ ನೂರಾರು ಟಾಕ್ ಇರುವ ಜಾತ್ರೆಗೆ ಮಾಡಿದ ರಥ. ನಾವು ಅದನ್ನು ಹುಬ್ಬಳ್ಳಿಯ ಒಂದು ದಿನದ, ಎರಡು ಕೋಣೆಯ ಮುಕ್ತ ತಂತ್ರಾಂಶ ಸಮ್ಮೇಳನಕ್ಕೆ ಎಳೆದೆವು.

ಈ ಕೆಲಸ ನನ್ನ ತಲೆಗೆ ಬಂದದ್ದು ಹೇಗೆ ಅಂದರೆ, ವಿದ್ಯಾನಗರದಲ್ಲಿ ಗಿರ್ಮಿಟ್ ಮಿರ್ಚಿ ತಿನ್ನುತ್ತಾ ಸ್ವಯಂಸೇವಕರ ಮೀಟಿಂಗ್ ಇತ್ತು. ನನ್ನ ರೈಲು ತಡವಾಯಿತು. ನಾನು ಬರುವಷ್ಟರಲ್ಲಿ ಮಿರ್ಚಿ ಖಾಲಿ, ಟಾಕ್ ಕಮಿಟಿಗೆ ನಾನೇ ಮುಖ್ಯಸ್ಥೆ.

ಹಿಂದಿನ ವರ್ಷ ಒಂದು ಆನ್‌ಲೈನ್ ಫಾರ್ಮ್, ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ಮಾಡಿದ್ದೆವು. ಏನಾಯಿತು ಅಂತ ಹೇಳಲೇಬೇಕು. ಮೂರು ಜನ ಒಂದೇ ಹಾಳೆಯಲ್ಲಿ ಅಂಕ ಹಾಕುತ್ತಿದ್ದೆವು. ನಮ್ಮಲ್ಲಿ ಯಾರೋ ಒಬ್ಬರು ಅಂಕದ ಕಾಲಮ್ ಒಂದನ್ನೇ ಆರಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದರು. ಹೆಸರುಗಳು ಇದ್ದಲ್ಲೇ ಇದ್ದವು, ಅಂಕಗಳು ಮಾತ್ರ ಜಾಗ ಬಿಟ್ಟು ಹೋದವು. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಫಾಂಟ್ ಬಗ್ಗೆ ಮಾತಾಡುತ್ತೇನೆ ಅಂದಿದ್ದವರಿಗೆ "ನಿಮ್ಮ ಡ್ರೋನ್ ಟಾಕ್ ಆಯ್ಕೆಯಾಗಿದೆ" ಅಂತ ಅಭಿನಂದನೆ ಹೋಯಿತು. ಪಾಪ, ಅವರು ಮರ್ಯಾದೆಯಿಂದ "ಡ್ರೋನ್ ಬಗ್ಗೆಯೂ ಓದಿಕೊಂಡು ಬರಲೇ?" ಅಂತ ಕೇಳಿದರು. ಫಾರ್ಮ್ ತಪ್ಪಲ್ಲ, ನಮ್ಮದೇ ತಪ್ಪು. ಡೇಟಾಬೇಸ್ ಪಾಠ ಮಾಡುವವಳು ಇದ್ದ ಕಮಿಟಿಯಲ್ಲಿ ಹೀಗಾಯಿತಲ್ಲ ಅಂತ ನನಗೆ ಇವತ್ತಿಗೂ ನಾಚಿಕೆ.

ಆದ್ದರಿಂದ ಈ ಸಲ ಪ್ರಿಟಾಕ್ಸ್. ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಒಂದು ಸಣ್ಣ ಬಾಡಿಗೆ ಸರ್ವರಿನಲ್ಲಿ ಒಂದು ಸಂಜೆ ಕೂತು ಹಾಕಿಕೊಟ್ಟ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಎಂಜಿನ್‌ಎಕ್ಸ್ ವೆಬ್ ಸರ್ವರ್, ಪೈಥಾನ್ ಗೊತ್ತಿದ್ದವರಿಗೆ ಇದು ಕಷ್ಟದ್ದಲ್ಲ. ಎರಡು ಕಡೆ ಎಡವಿದೆವು. ಒಂದು, ಆಗಾಗ ಓಡಬೇಕಾದ ಕೆಲಸಗಳಿಗೆ ಕ್ರಾನ್ ಸಾಲು (ಇಂಥ ಹೊತ್ತಿಗೆ ತಾನೇ ಓಡು ಅನ್ನುವ ಸೂಚನೆ) ಹಾಕುವುದನ್ನು ಮರೆತಿದ್ದೆವು. ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಎರಡನೆಯದು ಮೇಲ್. ಮೇಲ್ ನಿಜವಾಗಿ ನಮ್ಮಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ನಮ್ಮ ಡೊಮೇನಿಗೆ ಹಾಕಿರಲಿಲ್ಲ. ಮೊದಲ ವಾರದ ಸ್ವೀಕೃತಿ ಮೇಲ್‌ಗಳೆಲ್ಲ ಸ್ಪ್ಯಾಮಿಗೆ ಹೋಗಿ ಮಲಗಿದ್ದವು. ನೀವು ಸ್ವಂತ ಸರ್ವರಿನಲ್ಲಿ ಹಾಕುವುದಾದರೆ ತಂತ್ರಾಂಶಕ್ಕಿಂತ ಮೊದಲು ಮೇಲ್ ಸರಿ ಮಾಡಿಕೊಳ್ಳಿ. ಇದರ ಅರ್ಧ ಕೆಲಸವೇ ಮೇಲ್ ಕಳಿಸುವುದು.

ಒಳಗೆ ಕನ್ನಡ ಇಲ್ಲ. ಗುಂಡಿಗಳು, ಸೂಚನೆಗಳು ಎಲ್ಲ ಇಂಗ್ಲಿಷ್. ಆದರೆ ಸಮ್ಮೇಳನದ ಪರಿಚಯ, ಪ್ರಶ್ನೆಗಳು, ಮೇಲ್‌ಗಳ ಮಾದರಿ ಇವೆಲ್ಲ ನಾವೇ ಬರೆಯುವಂಥವು. ಇಂಗ್ಲಿಷ್ ಅಂತ ಹೆಸರಿದ್ದ ಪೆಟ್ಟಿಗೆಯಲ್ಲೇ ನಾವು ಕನ್ನಡ ಬರೆದೆವು. ಅದು ಏನೂ ತಕರಾರು ಮಾಡಲಿಲ್ಲ.

ಈಗ ಟಾಕ್ ಕರೆಯುವ ವಿಷಯಕ್ಕೆ ಬರುತ್ತೇನೆ. ಮೊದಲ ಕರೆಯನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಎಲ್ಲರೂ ಬರೆಯುವ ಹಾಗೆ, ನಿಮ್ಮ ಪ್ರಸ್ತಾವನೆಗಳನ್ನು ಆಹ್ವಾನಿಸುತ್ತೇವೆ, ವಿಷಯಗಳು ಇಂತಿಂಥವು, ಆದರೆ ಇವಿಷ್ಟೇ ಅಲ್ಲ, ಇತ್ಯಾದಿ. ಹತ್ತು ದಿನಕ್ಕೆ ಆರು ಬಂದವು. ಐದು ಬೆಂಗಳೂರಿನಿಂದ, ಐದೂ ಎಐ ಬಗ್ಗೆ. ಆರನೆಯದು ಕೂಡ ಎಐ, ಆದರೆ ಧಾರವಾಡದಿಂದ. ಹುಬ್ಬಳ್ಳಿಯಲ್ಲಿ ಸಮ್ಮೇಳನ ಮಾಡಿ ಬೆಂಗಳೂರಿನ ಟಾಕ್ ಕೇಳುವುದಾದರೆ ರಾತ್ರಿ ಬಸ್ಸು ಹತ್ತುವುದೇ ಸುಲಭ ಅಲ್ವಾ?

ಕರೆಯನ್ನು ಅಳಿಸಿ ಕನ್ನಡದಲ್ಲಿ ಹೊಸದಾಗಿ ಬರೆದೆ. "ನೀವು ದಿನಾ ಬಳಸುವ ಒಂದು ಮುಕ್ತ ತಂತ್ರಾಂಶದ ಬಗ್ಗೆ 20 ನಿಮಿಷ ಮಾತಾಡಿ. ಕನ್ನಡದಲ್ಲಿ ಮಾತಾಡಬಹುದು. ಸ್ಲೈಡ್ ಇಲ್ಲದಿದ್ದರೂ ನಡೆಯುತ್ತದೆ. ಬಸ್ಸು, ರೈಲಿನ ಖರ್ಚು ಕೊಡುತ್ತೇವೆ." ಇಷ್ಟೇ. ಟಾಕಿನ ಬಗೆಗಳನ್ನು ಅವಧಿ ಸಮೇತ ಮೊದಲೇ ಮಾಡಿಡಬಹುದು. ನಾವು 20 ನಿಮಿಷ, 40 ನಿಮಿಷ, 90 ನಿಮಿಷದ ಕಾರ್ಯಾಗಾರ ಅಂತ ಮೂರು ಇಟ್ಟೆವು. ಸುಮ್ಮನೆ ಬಿಟ್ಟರೆ ಫಾರ್ಮ್ ಉದ್ದ ಇರುತ್ತದೆ: ಸಾರಾಂಶ, ವಿವರ, ಸಂಘಟಕರಿಗೆ ಟಿಪ್ಪಣಿ, ನಿಮ್ಮ ಪರಿಚಯ, ಫೋಟೊ. ಆದರೆ ಯಾವುದು ಕಡ್ಡಾಯ, ಯಾವುದು ಐಚ್ಛಿಕ, ಯಾವುದು ಬೇಡವೇ ಬೇಡ ಅಂತ ನೀವೇ ಹೇಳಬಹುದು. ನಾನು ವಿವರ ಮತ್ತು ಫೋಟೊ ಎರಡನ್ನೂ ತೆಗೆದೆ. ಫೋಟೊ ಕೇಳಿದರೆ ನಮ್ಮ ಕಡೆ ಹೆಣ್ಣುಮಕ್ಕಳು ಅರ್ಧ ಜನ ಅಲ್ಲೇ ಫಾರ್ಮ್ ಮುಚ್ಚುತ್ತಾರೆ. ಇದು ಸಮೀಕ್ಷೆ ಅಲ್ಲ, ನನ್ನ ತರಗತಿಯ ಅನುಭವ. "ರೆಕಾರ್ಡ್ ಮಾಡಬೇಡಿ" ಅನ್ನುವ ಗುರುತನ್ನು ಮಾತ್ರ ಉಳಿಸಿಕೊಂಡೆ. ಮೂರು ಜನ ಅದನ್ನು ಒತ್ತಿದ್ದರು. ಮೂವರೂ ಬಂದು ಚೆನ್ನಾಗಿ ಮಾತಾಡಿದರು.

ನಮ್ಮದೇ ಪ್ರಶ್ನೆಗಳನ್ನೂ ಸೇರಿಸಬಹುದು. ನಾನು ಒಂದೇ ಸೇರಿಸಿದೆ: "ನಿಮ್ಮ ಮಾತು ಕೇಳಿದವರು ಮನೆಗೆ ಹೋಗಿ ಮರುದಿನ ಏನು ಮಾಡಬಹುದು?" ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಬಂದದ್ದರಲ್ಲಿ ಒಂದು ಒಂಬತ್ತು ಯಂತ್ರದಿಂದ ಬರೆಸಿದ್ದವು ಅಂತ ನನ್ನ ಅನುಮಾನ. ಒಂದೇ ಅಚ್ಚಿನ ವಾಕ್ಯಗಳು, "ಇಂದಿನ ವೇಗದ ಜಗತ್ತಿನಲ್ಲಿ" ಅಂತ ಶುರು. ಸಾರಾಂಶ ಓದಿದರೆ ತಪ್ಪು ಹಿಡಿಯಲು ಆಗುವುದಿಲ್ಲ. ಆದರೆ ಈ ಪ್ರಶ್ನೆಗೆ ಬಂದಾಗ "ಹೊಸ ಒಳನೋಟಗಳನ್ನು ಪಡೆಯುತ್ತಾರೆ" ಅಂತ ಗಾಳಿ ಬಿಟ್ಟಿದ್ದರು. ಅದೇ ಪ್ರಶ್ನೆಗೆ ಹಾವೇರಿ ಕಡೆಯ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಬರೆದದ್ದು: "ಶಾಲೆಯ ಅಟ್ಟದ ಮೇಲಿರುವ ಹಳೇ ಕಂಪ್ಯೂಟರ್ ಕೆಳಗಿಳಿಸಿ, ಜಿಕಾಂಪ್ರಿ ಹಾಕಿ, ಒಂದನೇ ತರಗತಿಯ ಮಕ್ಕಳ ಕೈಗೆ ಮೌಸ್ ಕೊಡಬಹುದು." ಜಿಕಾಂಪ್ರಿ ಅಂದರೆ ಚಿಕ್ಕ ಮಕ್ಕಳ ಕಲಿಕೆಯ ಆಟಗಳಿರುವ ಮುಕ್ತ ತಂತ್ರಾಂಶ. ಇದಕ್ಕಿಂತ ಇನ್ನೇನು ಬೇಕು?

ಇಷ್ಟಾದರೂ ಬರಬೇಕಾದವರು ಬರುತ್ತಿರಲಿಲ್ಲ. ಯಾಕೆ ಅಂದರೆ ಅವರಿಗೆ ತಾವು ಸ್ಪೀಕರ್ ಅಂತಲೇ ಗೊತ್ತಿಲ್ಲ. ಪ್ರಿಟಾಕ್ಸ್ ಬಾಗಿಲು ಚೆನ್ನಾಗಿ ತೆರೆದಿಡುತ್ತದೆ, ಕರೆದುಕೊಂಡು ಬರಲು ಮಾತ್ರ ನಾವೇ ನಡೆದು ಹೋಗಬೇಕು. ನಾನು ಹೋದದ್ದು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ.

ಗದಗ-ಬೆಟಗೇರಿ ಕಡೆಯವರಿಗೆ ಪ್ರೆಸ್ಸು ಹೊಸದಲ್ಲ. ಮುದ್ರಣ ಮತ್ತು ಮಗ್ಗ ಎರಡೂ ಈ ಊರಿನ ಹಳೆಯ ಕಸುಬು. ನಾನು ಹೇಳುತ್ತಿರುವ ಪ್ರೆಸ್ಸಿನಲ್ಲಿ ಒಬ್ಬ ಆಪರೇಟರ್ ಇದ್ದಾರೆ. ಹೆಸರು ಬೇಡ. ಲಗ್ನಪತ್ರ, ಜಾತ್ರೆಯ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವಾರ್ಷಿಕ ವರದಿ ಇವೆಲ್ಲ ಅವರ ಕೈಯಲ್ಲೇ ಆಗುತ್ತವೆ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್‌ನಲ್ಲಿ ಪುಟ ಕಟ್ಟುತ್ತಾರೆ. ಗಿರಾಕಿಗಳು ಹತ್ತು ಹದಿನೈದು ವರ್ಷದ ಹಿಂದೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತರುತ್ತಾರೆ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕೊಂಬು ಬಾಲ ಇರುವ ಯೂರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಅದನ್ನು ಈಗಿನ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿಗೆ ತರಲು ಈ ಮನುಷ್ಯ ತಾನೇ ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದಾರೆ. ಕಲಿತದ್ದು ಮೊಬೈಲ್ ನೋಡಿ.

ಅವರು ಅರ್ಕಾವತ್ತಿನ ಕಥೆ ಹೇಳಿದ್ದನ್ನು ನಾನು ಈಗ ತರಗತಿಯಲ್ಲೂ ಹೇಳುತ್ತೇನೆ. "ಧರ್ಮ" ಅಂತ ಬರೆದಾಗ ಅರ್ಕಾವತ್ತು ಕಣ್ಣಿಗೆ ಕಾಣುವುದು ಮ ಆದ ಮೇಲೆ. ಹಳೆಯ ನುಡಿಯಲ್ಲಿ ಕಡತದ ಒಳಗೂ ಅದು ಮ ಆದ ಮೇಲೆಯೇ ಇರುತ್ತದೆ. ಯುನಿಕೋಡಿನಲ್ಲಿ ಹಾಗಲ್ಲ, ಉಚ್ಚರಿಸುವ ಹಾಗೆ ರ್ ಮೊದಲು, ಮ ಆಮೇಲೆ. ಆದ್ದರಿಂದ ಸ್ಕ್ರಿಪ್ಟ್ ಸುಮ್ನೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಆಗುವುದಿಲ್ಲ. ಅರ್ಕಾವತ್ತು ಸಿಕ್ಕಾಗ ಹಿಂದೆ ಹೋಗಿ, ಆ ಅಕ್ಷರ ಎಲ್ಲಿ ಶುರುವಾಗಿತ್ತೋ ಹುಡುಕಿ, ಅದರ ಮುಂದೆ ಕೂರಿಸಬೇಕು. ಅಕ್ಷರಕ್ಕೆ ಒತ್ತು, ದೀರ್ಘ ಇದ್ದರೆ ಇನ್ನೂ ಹಿಂದೆ ಹೋಗಬೇಕು. "ಒಂದು ಲಗ್ನಪತ್ರದಾಗ ವರನ ಅಪ್ಪನ ಹೆಸರು ಕೆಟ್ಟು ಹೋಗಿತ್ರಿ, ಆವತ್ತು ರಾತ್ರಿ ಕುಂತು ಬರದೆ" ಅಂದರು.

"ಇದನ್ನೇ ಬಂದು ಹೇಳಿ" ಅಂದೆ.

"ನಾ ಏನ್ ಮಾತಾಡ್ಲ್ರಿ ಮೇಡಂ. ನಂದೇನ್ ದೊಡ್ಡದೈತಿ."

ಪ್ರಿಟಾಕ್ಸಿನಲ್ಲಿ ಪ್ರಪೋಸಲ್ ಹಾಕಲು ಇಮೇಲ್, ಪಾಸ್‌ವರ್ಡ್ ಕೊಟ್ಟು ಖಾತೆ ಮಾಡಬೇಕು. ಅವರ ಇಮೇಲ್ ಮಾಡಿಕೊಟ್ಟದ್ದು ಮೊಬೈಲ್ ಅಂಗಡಿಯವನು, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಸಂಘಟಕರು ಬೇರೆಯವರ ಪರವಾಗಿ ಪ್ರಪೋಸಲ್ ಸೇರಿಸುವ ದಾರಿ ಇದೆ. ಅವರ ಮಗಳ ಇಮೇಲ್ ಹಾಕಿ ನಾನೇ ಸೇರಿಸಿದೆ. ಸಾರಾಂಶ ಎರಡು ಸಾಲು, ಅವರು ಹೇಳಿದ ಹಾಗೆಯೇ: "ಹಳೇ ನುಡಿ ಕಡತ ಯುನಿಕೋಡಿಗೆ ತರುವುದು. ಪ್ರೆಸ್ಸಿನ ಕೆಲಸ ತೋರಿಸುತ್ತೇನೆ." ನಾನು ಚೆಂದ ಮಾಡಿ ಬರೆಯಬಹುದಿತ್ತು. ಅವರ ಮಾತು ಅವರದೇ ಇರಲಿ ಅಂತ ಬಿಟ್ಟೆ. ಆ ನಿರ್ಧಾರ ಆಮೇಲೆ ತೊಂದರೆಗೆ ಬಂತು, ಹೇಳುತ್ತೇನೆ.

ಕೊನೆಯ ದಿನಾಂಕದ್ದೂ ಒಂದು ತಮಾಷೆ. ರಾತ್ರಿ 11.59 ಅಂತ ಹಾಕಿದ್ದೆ. ಸಮ್ಮೇಳನದ ಟೈಮ್‌ಜೋನ್ ನಮ್ಮದಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲೇ ಉಳಿದಿತ್ತು, ಬದಲಿಸಲು ನಾನು ಮರೆತಿದ್ದೆ. ಅಂದರೆ ನಮ್ಮ ಲೆಕ್ಕದಲ್ಲಿ ಮರುದಿನ ಬೆಳಗ್ಗೆ 5.29ರ ತನಕ ಬಾಗಿಲು ತೆರೆದೇ ಇತ್ತು. ಆ ಐದೂವರೆ ತಾಸಿನಲ್ಲಿ ನಾಲ್ಕು ಬಂದವು, ಅದರಲ್ಲಿ ಎರಡು ಆಯ್ಕೆಯೂ ಆದವು. ತಡವಾದವರಿಗೆ ಪ್ರತ್ಯೇಕ ಗುಟ್ಟಿನ ಲಿಂಕ್ ಕೊಡುವ ಸೌಲಭ್ಯವೂ ಇದೆ. ಇದೆ ಅಂತ ಯಾರಿಗೂ ಹೇಳಬೇಡಿ, ಹೇಳಿದರೆ ಎಲ್ಲರೂ ತಡವಾಗುತ್ತಾರೆ.

ಒಟ್ಟು 43. ನಮಗಿದ್ದ ಜಾಗ 14.

ರಿವ್ಯೂ ಮಾಡಲು ಆರು ಜನ. ನಾನು, ಧಾರವಾಡದ ಇಬ್ಬರು, ಹುಬ್ಬಳ್ಳಿಯ ಇಬ್ಬರು, ಬೆಂಗಳೂರಿಗೆ ಹೋಗಿ ಸೇರಿದ ನಮ್ಮೂರ ಹುಡುಗಿ ಒಬ್ಬಳು. ಪ್ರಿಟಾಕ್ಸಿನಲ್ಲಿ ರಿವ್ಯೂವನ್ನು ಹಂತಗಳಾಗಿ ಮಾಡಬಹುದು. ಪ್ರತಿ ಹಂತದಲ್ಲಿ ಯಾರಿಗೆ ಏನು ಕಾಣಬೇಕು ಅಂತ ಬೇರೆ ಬೇರೆ ಇಡಬಹುದು. ಮೊದಲ ಹಂತದಲ್ಲಿ ಸ್ಪೀಕರ್ ಹೆಸರು ಮುಚ್ಚಿದೆವು. ತಾವು ಅಂಕ ಹಾಕುವ ತನಕ ಬೇರೆಯವರ ಅಂಕ ಕಾಣದ ಹಾಗೆ ಮಾಡಿದೆವು. ಇದು ತುಂಬಾ ಮುಖ್ಯ. ಹಿಂದಿನ ವರ್ಷದ ಹಾಳೆಯಲ್ಲಿ ಮೊದಲು ಹಾಕಿದವರ ಅಂಕ ನೋಡಿ ಉಳಿದವರು ಅದರ ಆಚೆ ಈಚೆ ಹಾಕುತ್ತಿದ್ದರು. ನಾನೂ ಹಾಕಿದ್ದೇನೆ.

ಅಂಕಕ್ಕೆ ವಿಭಾಗ ಮಾಡಿ ತೂಕ ಕೊಡಬಹುದು. ಉಪಯೋಗ ಎಷ್ಟು ಅನ್ನುವುದಕ್ಕೆ ಎರಡರಷ್ಟು ತೂಕ, ಸ್ಪಷ್ಟತೆಗೆ ಒಂದು, ನಮ್ಮ ಊರಿನವರಿಗೆ ಹತ್ತಿರವೇ ಅನ್ನುವುದಕ್ಕೆ ಒಂದು. ಅಂಕದ ಜೊತೆ ಒಂದು ಸಾಲು ಬರೆಯಲೇಬೇಕು ಅಂತ ಕಡ್ಡಾಯ ಮಾಡಿದೆ. ಗೆಳೆಯರು ಬೈದರು. ಆದರೆ ಆ ಸಾಲುಗಳು ಇಲ್ಲದಿದ್ದರೆ ಕೊನೆಗೆ ಬೇಡ ಅಂದವರಿಗೆ ಏನು ಬರೆಯುತ್ತಿದ್ದೆವು?

ರೈಲಿನಲ್ಲಿ ರಿವ್ಯೂ ಮಾಡುವುದು ಚೆನ್ನಾಗಿಯೇ ನಡೆಯಿತು. ಒಂದನ್ನು ಓದು, ಅಂಕ ಒತ್ತು, ಸಾಲು ಬರೆ, ಉಳಿಸು, ಮುಂದಿನದು ತಾನೇ ಬರುತ್ತದೆ. ಹುಬ್ಬಳ್ಳಿ ಸ್ಟೇಷನ್ನಿನಿಂದ ಗದಗಿಗೆ ಹೋಗುವಷ್ಟರಲ್ಲಿ ಆರೇಳು ಮುಗಿಯುತ್ತಿತ್ತು. ನೆಟ್ ಹೋಗುವ ಕಡೆ ಟಿಪ್ಪಣಿ ಆ್ಯಪಿನಲ್ಲಿ ಬರೆದುಕೊಂಡು ಆಮೇಲೆ ಅಂಟಿಸುತ್ತಿದ್ದೆ. ಸಂಜೆ ವಾಪಸ್ ಬರುವಾಗ ಓದುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಸಂಜೆ ನನ್ನ ಅಂಕಗಳು ಬೆಳಗಿನದಕ್ಕಿಂತ ಕಡಿಮೆ ಬೀಳುತ್ತಿದ್ದವು. ದಣಿದ ಮೇಸ್ಟ್ರು ಪೇಪರ್ ತಿದ್ದುವುದು ಹೇಗೆ ಅಂತ ನನಗೆ ಗೊತ್ತಿದೆ. ಅಂದ ಹಾಗೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಪ್ರಪಂಚದಲ್ಲೇ ಉದ್ದದ್ದು ಅಂತ ಬೋರ್ಡ್ ನೋಡಿ ಹೆಮ್ಮೆ ಪಡುವುದು ಸರಿ. ತಪ್ಪು ತುದಿಯಲ್ಲಿ ನಿಂತು ರೈಲಿಗೆ ಓಡಿ ನೋಡಿ, ಆಮೇಲೆ ಮಾತಾಡೋಣ.

ಹೆಸರು ಮುಚ್ಚಿದ್ದು ಎಷ್ಟು ಕೆಲಸ ಮಾಡಿತು? ಅರ್ಧ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅನ್ನುತ್ತಾರಲ್ಲ, ನಮ್ಮ ಕಡೆ ಮುಕ್ತ ತಂತ್ರಾಂಶದವರು ಇನ್ನೂ ಕಡಿಮೆ. "ನಮ್ಮ ಗ್ರಂಥಾಲಯದಲ್ಲಿ ಕೊಹಾ ಹಾಕಿದ ಅನುಭವ" (ಕೊಹಾ ಅಂದರೆ ಗ್ರಂಥಾಲಯ ನಡೆಸುವ ಮುಕ್ತ ತಂತ್ರಾಂಶ) ಅಂತ ಓದಿದ ಕೂಡಲೇ ಯಾರು ಅಂತ ಆರರಲ್ಲಿ ನಾಲ್ವರಿಗೆ ಗೊತ್ತು. ಸಾರಾಂಶದಲ್ಲಿ ಗುರುತು ಸಿಗುವ ಮಾತನ್ನು ತೆಗೆದು ರಿವ್ಯೂ ಮಾಡುವವರಿಗೆ ಮಾತ್ರ ಬೇರೆ ಪ್ರತಿ ತೋರಿಸುವ ಸೌಲಭ್ಯ ಇದೆ. 43ಕ್ಕೂ ಅದನ್ನು ಮಾಡುವ ತಾಳ್ಮೆ ನನಗೆ ಇರಲಿಲ್ಲ, ಎಂಟಕ್ಕೆ ಮಾಡಿ ಬಿಟ್ಟೆ. ಆದರೂ ಮುಚ್ಚಿದ್ದು ಒಳ್ಳೆಯದೇ ಆಯಿತು. ಹೆಸರು ತೆರೆದಾಗ ನಮಗೆಲ್ಲ ಗೌರವ ಇರುವ ಹಿರಿಯರೊಬ್ಬರ ಟಾಕ್ 31ನೇ ಸ್ಥಾನದಲ್ಲಿತ್ತು. ಹೆಸರು ಕಾಣುತ್ತಿದ್ದರೆ ಅದು ಮೊದಲ ಐದರಲ್ಲಿ ಇರುತ್ತಿತ್ತು. ಹಾಗೆ ಇರುತ್ತಿತ್ತು ಅಂತ ಆರೂ ಜನ ಒಪ್ಪಿಕೊಂಡೆವು, ಅದೇ ದೊಡ್ಡದು.

ಈಗ ಪ್ರೆಸ್ಸಿನವರ ವಿಷಯ. ಅವರಿಗೆ ಬಿದ್ದ ಅಂಕ 5, 5, 2, 2, 2, 1. ಪ್ರಿಟಾಕ್ಸ್ ಎಲ್ಲರ ಅಂಕ ಸೇರಿಸಿ ಒಂದು ಸಂಖ್ಯೆ ಮಾಡುವಾಗ ಸರಾಸರಿ ತೆಗೆಯಬೇಕೋ, ಸಾಲಿನಲ್ಲಿ ನಡುವೆ ನಿಂತದ್ದನ್ನು ತೆಗೆಯಬೇಕೋ ಅಂತ ಕೇಳುತ್ತದೆ. ಮೊದಲೇ ಆಯ್ದಿರುವುದು ನಡುವಿನದು. ಒಬ್ಬ ರಿವ್ಯೂವರ್ ಸಿಟ್ಟಿನಿಂದ ಸೊನ್ನೆ ಹಾಕಿದರೂ ಪೂರ್ತಿ ಕೆಡದಿರಲಿ ಅನ್ನುವುದು ಅದರ ಹಿಂದಿನ ಯೋಚನೆ, ಸರಿಯಾದದ್ದೇ. ಆದರೆ ನಮ್ಮ ಪ್ರೆಸ್ಸಿನವರಿಗೆ ಅದರಿಂದ 2 ಬಂತು. ಸರಾಸರಿ ತೆಗೆದರೂ 3 ಮುಟ್ಟುವುದಿಲ್ಲ. ಎಲ್ಲರೂ ಬೇಸರದಿಂದ 3 ಹಾಕಿದ ಟಾಕ್ ಇವರಿಗಿಂತ ಮೇಲೆ ನಿಲ್ಲುತ್ತದೆ. ಕಡಿಮೆ ಹಾಕಿದವರು ಬರೆದ ಸಾಲು ಒಂದೇ: "ವಿವರ ಸಾಲದು." ಅವರ ತಪ್ಪೂ ಅಲ್ಲ. ಎರಡೇ ಸಾಲು ಇದ್ದವು ನಿಜ.

ಮತ್ತೆ ಆ ಎರಡು ಐದರಲ್ಲಿ ಒಂದು ನನ್ನದು.

ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಸ್ಪೀಕರ್ ತನ್ನ ಪ್ರಪೋಸಲ್ಲಿಗೆ ತಾನೇ ಅಂಕ ಹಾಕಲು ಪ್ರಿಟಾಕ್ಸ್ ಬಿಡುವುದಿಲ್ಲ. ಬೇರೆಯವರ ಪರವಾಗಿ ತುಂಬಿದವಳು ಹಾಕುವುದನ್ನು ಅದು ತಡೆಯಲಿಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ಹೆಬಸೂರು ದಾಟುವಾಗ ಎರಡನೇ ಯೋಚನೆ ಇಲ್ಲದೆ ಐದು ಒತ್ತಿದ್ದೆ. ನಾನು ಆ ಅಂಗಡಿಯಲ್ಲಿ ಕೂತು ಚಹಾ ಕುಡಿದಿದ್ದೆ, ಕಣ್ಣಾರೆ ನೋಡಿದ್ದೆ. ಉಳಿದ 42 ಜನರ ಅಂಗಡಿಗೆ ಹೋಗಿದ್ದೆನಾ? ಕೊನೆಯ ಮೀಟಿಂಗಿನಲ್ಲಿ ಹೇಳಿಬಿಟ್ಟೆ. ನನ್ನ ಅಂಕ ತೆಗೆದೆವು. ಉಳಿದ ಐದು ಅಂಕ ನೋಡಿ ಧಾರವಾಡದವರು ಒಬ್ಬರು ಒಳ್ಳೆ ಮಾತು ಹೇಳಿದರು: ಜಗಳ ಇರುವ ಟಾಕ್‌ಗಳನ್ನು ಬೇರೆ ಪಟ್ಟಿ ಮಾಡೋಣ. ಐದೂ ಒಂದೂ ಒಟ್ಟಿಗೆ ಬಿದ್ದ ಪ್ರಪೋಸಲ್ ಅಂದರೆ ಅದನ್ನು ನಾವು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಅಂತ. ಟ್ಯಾಗ್ ಹಾಕುವ ಸೌಲಭ್ಯ ಇತ್ತು, "ಕೇಳಿ ನೋಡಿ" ಅಂತ ಟ್ಯಾಗ್ ಮಾಡಿದೆವು. ಏಳು ಸಿಕ್ಕವು. ಏಳೂ ಜನರಿಗೆ ಎರಡು ನಿಮಿಷದ ವಿಡಿಯೊ ಕಳಿಸಿ ಅಂದೆವು.

ಪ್ರೆಸ್ಸಿನವರ ವಿಡಿಯೊ ಮಗಳು ತೆಗೆದದ್ದು. ಎಡಗಡೆ ಕೆಟ್ಟ ಲಗ್ನಪತ್ರ, ಬಲಗಡೆ ಸರಿಯಾದದ್ದು, ನಡುವೆ ಅವರ ಬೆರಳು. ಎರಡು ನಿಮಿಷ ಅಂದಿದ್ದಕ್ಕೆ ಒಂದೂವರೆಯಲ್ಲಿ ಮುಗಿಸಿದ್ದರು. ಒಂದು ಅಂಕ ಹಾಕಿದ್ದ ಗೆಳೆಯನೇ "ಇವರಿಗೆ 40 ನಿಮಿಷ ಕೊಡೋಣ" ಅಂದ.

ಏಳರಲ್ಲಿ ಮೂರು ಹೀಗೆ ಒಳಗೆ ಬಂದವು. ಕಣಗಿನಹಾಳದ ಮೇಲೆ ಒಂದು ಟಾಕ್ ಇತ್ತು. ಗದಗ ತಾಲೂಕಿನ ಆ ಹಳ್ಳಿಯಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದದ್ದಕ್ಕೂ ಮುಕ್ತ ತಂತ್ರಾಂಶದ ಸಮುದಾಯಕ್ಕೂ ಹೋಲಿಕೆ. ಶೀರ್ಷಿಕೆ ನೋಡಿ ಭಾಷಣ ಇರಬೇಕು ಅಂದುಕೊಂಡಿದ್ದೆ. ಆದರೆ ಸದಸ್ಯರು ಪಾಲು ಹಾಕಿ ನಡೆಸುವ ಸಂಘದಲ್ಲಿ ಲೆಕ್ಕ ಯಾರು ನೋಡುತ್ತಾರೆ, ದುಡಿಯದವನನ್ನು ಏನು ಮಾಡುತ್ತಾರೆ ಅಂತ ನಿವೃತ್ತ ಬ್ಯಾಂಕಿನವರು ಹೇಳಿದ್ದು ಕೇಳಿ ಕೋಡ್ ಬರೆಯುವ ಹುಡುಗರು ಊಟಕ್ಕೂ ಏಳಲಿಲ್ಲ.

ನನಗೆ ಪ್ರಿಟಾಕ್ಸಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಔಟ್‌ಬಾಕ್ಸ್. ಒಬ್ಬರನ್ನು ಒಪ್ಪಿದೆ ಅಂತ ಒತ್ತಿದರೆ ಮೇಲ್ ತಕ್ಷಣ ಹೋಗುವುದಿಲ್ಲ. ಹೆಸರು, ಟಾಕಿನ ಶೀರ್ಷಿಕೆ ತುಂಬಿಕೊಂಡು ಸಿದ್ಧವಾಗಿ ಔಟ್‌ಬಾಕ್ಸಿನಲ್ಲಿ ಕೂರುತ್ತದೆ. ನೀವು ಓದಿ, ತಿದ್ದಿ, ಕಳಿಸು ಅಂದ ಮೇಲೇ ಹೋಗುವುದು. ಡ್ರೋನ್ ಅಭಿನಂದನೆ ಕಳಿಸಿದವರಿಗೆ ಇದರ ಬೆಲೆ ಗೊತ್ತು. 29 ಜನರಿಗೆ ಬೇಡ ಅನ್ನಬೇಕಿತ್ತು. ಒಂದು ರವಿವಾರ ಪೂರ್ತಿ ಕೂತು ಪ್ರತಿ ಮೇಲಿನಲ್ಲಿ ಒಂದೊಂದು ಸಾಲು ಅವರಿಗೇ ಅಂತ ಸೇರಿಸಿದೆ. ರಿವ್ಯೂ ಮಾಡಿದವರ ಸಾಲುಗಳಿಂದಲೇ ಎತ್ತಿಕೊಂಡದ್ದು, ಸ್ವಲ್ಪ ಸಕ್ಕರೆ ಹಾಕಿ. ಒಬ್ಬರು ಎರಡು ಪ್ರಪೋಸಲ್ ಹಾಕಿದ್ದರು. ಒಂದು ಆಯ್ಕೆ, ಒಂದು ಬೇಡ. ಔಟ್‌ಬಾಕ್ಸಿನಲ್ಲಿ ಅವರ ಹೆಸರಿಗೆ ಒಂದರ ಕೆಳಗೆ ಒಂದು ಅಭಿನಂದನೆ ಮತ್ತು ವಿಷಾದ ಕೂತಿದ್ದವು. ಎರಡನ್ನೂ ಸೇರಿಸಿ ಒಂದೇ ಮಾಡಿದೆ. ಬೇಡ ಅನ್ನಿಸಿಕೊಂಡವರಲ್ಲಿ ಹನ್ನೊಂದು ಜನ ಥ್ಯಾಂಕ್ಸ್ ಅಂತ ಉತ್ತರ ಬರೆದರು. ಒಬ್ಬರು ಜಗಳ ಆಡಿದರು. ಅದು ತಮ್ಮ ಕಂಪನಿಯ ಮಾಲನ್ನು ಮುಕ್ತ ತಂತ್ರಾಂಶದ ಅಂಗಿ ತೊಡಿಸಿ ತಂದಿದ್ದವರು, ಇರಲಿ.

ಒಪ್ಪಿದ ಮೇಲೆ ಸ್ಪೀಕರ್ ಒಂದು ಲಿಂಕ್ ಒತ್ತಿ "ಬರುತ್ತೇನೆ" ಅನ್ನಬೇಕು. ಆಗ ಮಾತ್ರ ಅದು ಖಾತ್ರಿ. ಹೆಣ್ಣು ನೋಡಿ ನಾವು ಒಪ್ಪಿದರೆ ಆಗಲಿಲ್ಲ, ಆ ಕಡೆಯವರೂ ಒಪ್ಪಿ ನಿಶ್ಚಯ ಆಗಬೇಕಲ್ಲ, ಹಾಗೆ. ಒಳ್ಳೆ ಪದ್ಧತಿ. ಆದರೆ ನಮ್ಮಲ್ಲಿ ನಾಲ್ಕು ಜನ ಲಿಂಕ್ ಒತ್ತಲೇ ಇಲ್ಲ. ಫೋನ್ ಮಾಡಿದರೆ "ಮೇಲ್ ನೋಡಿಲ್ರಿ, ಬರ್ತೇನ್ರಿ, ಹೇಳೂದೇನೈತ್ರಿ ಅದಕ್ಕ" ಅಂದರು. ಸಂಘಟಕರೇ ಅವರ ಪರವಾಗಿ ಖಾತ್ರಿ ಮಾಡಬಹುದು. ಮಾಡಿದೆ.

ವೇಳಾಪಟ್ಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಸುಲಭ. ಟಾಕ್ ಎಳೆದು ಸಮಯದ ಮೇಲೆ ಬಿಡುವುದು. ಹಾವೇರಿಯ ಶಿಕ್ಷಕರು ಬೆಳಗ್ಗೆ 11ರ ಮೇಲೆ ಮಾತ್ರ ಸಿಗುತ್ತೇನೆ ಅಂತ ತುಂಬಿದ್ದರು. ಅವರನ್ನು 10ಕ್ಕೆ ಇಟ್ಟ ಕೂಡಲೇ ಎಚ್ಚರಿಕೆ ಬಂತು. ವಾರ ಮೊದಲು ನಮಗೆ ಸಿಕ್ಕಿದ್ದ ಹಾಲ್ ಪರೀಕ್ಷೆಗೆ ಬೇಕು ಅಂತ ಹೋಯಿತು, ಎಲ್ಲ ಬದಲಿಸಬೇಕಾಯಿತು. ವೇಳಾಪಟ್ಟಿಯನ್ನು ಹೊಸ ಆವೃತ್ತಿ ಅಂತ ಬಿಡುಗಡೆ ಮಾಡಿದಾಗ ಯಾರ ಸಮಯ, ಜಾಗ ಬದಲಾಗಿದೆಯೋ ಅವರಿಗೆ ಮಾತ್ರ ಮೇಲ್ ಸಿದ್ಧವಾಯಿತು. ಗೋಡೆಗೆ ಹಚ್ಚುವ ಪಟ್ಟಿಗೆ ವೇಳಾಪಟ್ಟಿಯ ಮಾಹಿತಿ ಇರುವ ಜೆಸನ್ ಕಡತ ತೆಗೆದು ಪ್ರೆಸ್ಸಿನವರಿಗೆ ಕೊಟ್ಟೆ. ಅವರು ಸ್ಕ್ರೈಬಸ್‌ನಲ್ಲಿ ಕಟ್ಟಿ ಎ3 ಹಾಳೆಯಲ್ಲಿ ತಂದರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಾವೇರಿಯವರು ಏಲಕ್ಕಿ ಹಾರ ತಂದಿದ್ದರು. ಯಾರಿಗೆ ಹಾಕುವುದು ಅಂತ ಗೊತ್ತಾಗದೆ ಸರ್ವರ್ ಹಾಕಿಕೊಟ್ಟ ಹುಡುಗನ ಕೊರಳಿಗೆ ಹಾಕಿದೆವು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆ ಅಂದರೆ ಕನ್ನಡ ಇಲ್ಲ, ಮತ್ತೆ ಇಮೇಲ್ ಇಲ್ಲದವರಿಗೆ ನೇರ ದಾರಿ ಇಲ್ಲ. ನಿಮಗೆ ಹದಿನೈದಕ್ಕಿಂತ ಕಡಿಮೆ ಪ್ರಪೋಸಲ್ ಬರುವ ಹಾಗಿದ್ದರೆ ಇದನ್ನು ಹಾಕುವ ಗೋಜಿಗೆ ಹೋಗಬೇಡಿ. ಒಂದು ನೋಟ್‌ಬುಕ್, ನಾಲ್ಕು ಜನ, ಒಂದು ಸಂಜೆ ಸಾಕು. ಮೂವತ್ತು ದಾಟುತ್ತದೆ, ಹೆಸರು ಮುಚ್ಚಿ ಓದಬೇಕು ಅಂದರೆ ಕಣ್ಣು ಮುಚ್ಚಿ ಹಾಕಿ.

ಕನ್ನಡ ಇಲ್ಲ ಅಂತ ದೂರಿ ಸುಮ್ಮನೆ ಕೂರಬಾರದು ಅಂತ ಅನುವಾದದ ಪಿಒ ಕಡತ ತೆರೆದಿದ್ದೇನೆ. ಪೊಎಡಿಟ್ ಅನ್ನುವ ಅನುವಾದದ ತಂತ್ರಾಂಶದಲ್ಲಿ, ಅದೇ ರೈಲಿನಲ್ಲಿ, ಈಗ ಲ್ಯಾಪ್‌ಟಾಪ್ ಹಿಡಿದುಕೊಂಡು. ಆಕ್ಸೆಪ್ಟೆಡ್ ಅಂದರೆ "ಒಪ್ಪಿದೆ" ಅಂತ ಹಾಕಿದೆ. ಕನ್ಫರ್ಮ್ಡ್ ಅನ್ನುವುದಕ್ಕೆ ಮೊದಲು "ಖಚಿತ" ಅಂತ ಬರೆದು, ಆಮೇಲೆ ಅಳಿಸಿ "ನಿಶ್ಚಯ" ಅಂತ ಮಾಡಿದೆ. ವಿತ್‌ಡ್ರಾನ್ ಅನ್ನುವುದು "ಹಿಂದಕ್ಕೆ ಪಡೆದದ್ದು" ಆಯಿತು, ಉದ್ದ ಇದೆ, ಗುಂಡಿಯಲ್ಲಿ ಹಿಡಿಸುತ್ತದೋ ನೋಡಬೇಕು. ರಿಜೆಕ್ಟೆಡ್ ಮಾತ್ರ ಮೂರು ವಾರದಿಂದ ಹಾಗೇ ಇದೆ. "ತಿರಸ್ಕೃತ" ಅಂತ ಬರೆಯಲು ಕೈ ಬರುತ್ತಿಲ್ಲ. "ಈ ಸಲ ಇಲ್ಲ" ಅಂತ ಬರೆದರೆ ನನ್ನ ವಿದ್ಯಾರ್ಥಿ "ಮೇಡಂ, ಅದು ಸ್ಟೇಟಸ್, ಸಮಾಧಾನ ಅಲ್ಲ" ಅನ್ನುತ್ತಾನೆ. ಸದ್ಯಕ್ಕೆ ಆ ಸಾಲು ಖಾಲಿ ಬಿಟ್ಟಿದ್ದೇನೆ.